ಬಂಡೆ ಬಿಡದ ಕಂಡಕ್ಟ್ರಮ್ಮ

ಅವರು ತೀರಿಕೊಂಡ ಮೇಲೆ ನಮ್ಮ ಬೀದಿಯವರೆಲ್ಲ ಒಂದೇ ರಾಗ ಹಾಡುತ್ತಿದ್ದಾರೆ: ಪಾಪ, ಬಹಳ ಒಳ್ಳೆಯ ಹೆಂಗಸು. ತಿಥಿಯ ದಿನ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರೂ ಅದನ್ನೇ ಅಂದರು. ಮುದ್ದೆ ಮುರಿಯುತ್ತಿದ್ದ ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಕಡೆ ಒಳ್ಳೆಯ ಹೆಂಗಸು ಎಂದರೆ ಕೇಳಿದ್ದಕ್ಕೆಲ್ಲ ಹೂಂ ಅನ್ನುವವಳು, ಕೊಟ್ಟ ಜಾಗದಲ್ಲಿ ಮುದುರಿ ಕೂರುವವಳು. ಅವರು ಆ ಪೈಕಿ ಅಲ್ಲವೇ ಅಲ್ಲ. ಬದುಕಿದ್ದಾಗ ಇದೇ ಬಾಯಿಗಳು ಅವರನ್ನು ಬಜಾರಿ ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅವರಿಗೂ ಅದು ಗೊತ್ತಿತ್ತು. "ಅಂದ್ಕೊಳ್ಳಿ ಬುಡವ್ವ. ನಾನು ಮೆತ್ಗಿದ್ದಿದ್ರೆ ನನ್ ಬಸ್ನಲ್ಲಿ ನನಗೇ ನಿಂತ್ಕಳಾಕೆ ಜಾಗ ಇರ್ತಿರ್ನಿಲ್ಲ" ಎನ್ನುತ್ತಿದ್ದರು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಆಡುವುದಿಲ್ಲ. ಆದರೆ ಅವರನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿ ಬೀರುವಿನಲ್ಲಿ ಇಡುವುದಕ್ಕೂ ನಾನು ಒಪ್ಪುವುದಿಲ್ಲ. ಹೇಗಿದ್ದರೋ ಹಾಗೆ ಬರೆಯುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಕರೆದವರು ಯಾರೂ ಇಲ್ಲ. ಊರಿಗೆಲ್ಲ ಅವರು ಕಂಡಕ್ಟ್ರಮ್ಮ, ನನಗೆ ಅಕ್ಕ.

ಪಾಂಡವಪುರದಿಂದ ನಾಗಮಂಗಲಕ್ಕೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಅವರು ಕಂಡಕ್ಟರ್. ನಾನು ನಾಗಮಂಗಲದ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸದಲ್ಲಿದ್ದೆ, ದಿನಾ ಅದೇ ಬಸ್ಸು. ಅಕ್ಕ ಕುಳ್ಳಗಿನ ಗಟ್ಟಿ ಆಳು. ಖಾಕಿ ಅಂಗಿಯ ತೋಳು ಮಡಿಸಿ, ಚೀಲವನ್ನು ಸೊಂಟಕ್ಕೆ ಬಿಗಿದುಕೊಂಡು ಅವರು ಹತ್ತಿದರೆ ಬಸ್ಸಿನೊಳಗೆ ತಾನಾಗಿ ದಾರಿಯಾಗುತ್ತಿತ್ತು. ಒಂದು ಬೆಳಿಗ್ಗೆ ಬಿಳಿ ಪಂಚೆಯ ದೊಡ್ಡ ಮನುಷ್ಯರೊಬ್ಬರು ಹೆಂಗಸರ ಸೀಟಿನಲ್ಲಿ ಕೂತಿದ್ದರು. ಪಕ್ಕದಲ್ಲಿ ತುಂಬು ಬಸುರಿಯೊಬ್ಬಳು ಕಂಬಿ ಹಿಡಿದು ನಿಂತಿದ್ದಳು. ಅಕ್ಕ ಏಳಿ ಎಂದರು. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಅಕ್ಕ ಸೀಟಿ ಊದಿ ಬಸ್ಸನ್ನು ನಿಲ್ಲಿಸಿಯೇ ಬಿಟ್ಟರು. ಎರಡೂ ಕಡೆ ಕಬ್ಬಿನ ಗದ್ದೆ, ಒಂದು ನರಪಿಳ್ಳೆಯೂ ಇಲ್ಲ.

"ಡ್ರೈವರಣ್ಣ, ಎಂಜಿನ್ ಆಪ್ ಮಾಡಿ. ಯಜಮಾನ್ರು ಎದ್ಮೇಲೆ ಓಗಾನ."

"ನಾನ್ಯಾರು ಅಂತ ಗೊತ್ತಾ ನಿಂಗೆ?" ಎಂದು ಆ ಮನುಷ್ಯ ಗುಡುಗಿದರು.

"ಗೊತ್ತು ಕಣಣ್ಣ. ಟಿಕೀಟು ತಗಂಡಿರೋ ಪ್ಯಾಸೆಂಜರ್ರು. ಇನ್ನೇನಾರ ಇದ್ರೆ ಕೆಳೀಕಿಳ್ದು ಯೋಳಿ."

ಬಸ್ಸಿಗೆ ಬಸ್ಸೇ ನಕ್ಕಿತು. ಆ ಮನುಷ್ಯ ಎದ್ದರು. ಅಕ್ಕ ನಗಲಿಲ್ಲ. ಬಸುರಿಯನ್ನು ಕೂರಿಸಿ, ಸೀಟಿ ಊದಿ, ಟಿಕೆಟ್ ಕೊಡುತ್ತಾ ಹಿಂದಕ್ಕೆ ಹೋದರು.

ನಿವೃತ್ತಿಯ ಹೊತ್ತಿಗೆ ಅವರು ಪಾಂಡವಪುರದ ಹೊರಗೆ ನಮ್ಮ ಬಡಾವಣೆಯಲ್ಲೇ ಸೈಟು ತೆಗೆದುಕೊಂಡರು. ನಾಲೆ ನೀರು ಕುಡಿದ ಕಬ್ಬಿನ ಗದ್ದೆಗಳನ್ನು ಮಟ್ಟ ಮಾಡಿ ಹಾಕಿದ ಸೈಟುಗಳು. ನಮ್ಮ ಬೀದಿಯ ತಿರುವಿನಲ್ಲಿದ್ದ ಒಂದನ್ನು ಮಾತ್ರ ಯಾರೂ ಕೊಂಡಿರಲಿಲ್ಲ, ಏಕೆಂದರೆ ಅದರ ಮುಂಭಾಗದ ತುಂಬ ಬಂಡೆ. ಆನೆ ಮಲಗಿದ ಹಾಗೆ ನೆಲದಿಂದ ಎದ್ದು, ರಸ್ತೆಯ ಅಂಚಿನವರೆಗೆ ಚಾಚಿಕೊಂಡಿತ್ತು. ಅಕ್ಕ ಅದನ್ನೇ ಕೇಳಿ ತೆಗೆದುಕೊಂಡರು. ಹಿಂದುಗಡೆ ಉಳಿದ ಜಾಗದಲ್ಲಿ ಒಂದು ಕೋಣೆ, ಅಡುಗೆಮನೆ, ಜಗಲಿ ಕಟ್ಟಿಸಿದರು. ಗಾರೆ ಕೆಲಸದವರು, ಎಂಜಿನಿಯರು, ಬೀದಿಯವರು ಎಲ್ಲರೂ ಬಂಡೆ ಒಡೆಸಿ ಎಂದರು. ಒಡೆಸಿದರೆ ಮನೆ ದೊಡ್ಡದಾಗುತ್ತದೆ ಎಂದರು.

"ನಂಗೆ ದೊಡ್ ಮನೆ ಬೇಕು ಅಂತ ನಿಮ್ಗೆ ಯಾರಂದ್ರು?" ಎಂದು ಅವರು ಕೇಳಿದರು.

ಅವರು ಹುಟ್ಟಿದ್ದು ನಾಗಮಂಗಲದ ಆಚೆಗಿನ ಒಂದು ಹಳ್ಳಿಯಲ್ಲಿ, ಮಳೆ ಬಂದರೆ ರಾಗಿ, ಬಾರದಿದ್ದರೆ ಹುರುಳಿ ಎನ್ನುವ ನೆಲದಲ್ಲಿ. ನಾಲೆ ಬಯಲಿನ ನಮ್ಮ ಜನಕ್ಕೆ ಆ ಕಡೆಯವರನ್ನು ಕಂಡರೆ ಒಂದು ಸಣ್ಣ ತಾತ್ಸಾರ. ಕಲ್ಲು ಸೀಮೆಯವರು ಅನ್ನುತ್ತೇವೆ, ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತೇವೆ. ಅಕ್ಕ ಸರ್ವಿಸ್ಸಿನುದ್ದಕ್ಕೂ ಅದನ್ನು ಕೇಳಿದವರು. "ಬಂಡೆ ಮೇಲೇ ರಾಗಿ ಒಣಗಾಕ್ತಿದ್ದೊ. ಬಂಡೆ ಮೇಲೇ ಬಟ್ಟೆ, ಬಂಡೆ ಮೇಲೇ ಅಪ್ಳ. ನಮ್ಮವ್ವ ನನ್ನ ಬಿಸ್ಲಿಗೆ ಮಲಗುಸ್ತಿದ್ದಿದ್ದೂ ಬಂಡೆ ಮೇಲೇಯ. ಅದುನ್ನ ಒಡ್ಸು ಅಂತೀರಲ್ಲ, ನಿಮ್ ಮನೇಲಿ ತೊಟ್ಲು ಒಡ್ದು ಸೌದೆ ಮಾಡೀರಾ?" ಎಂದು ಒಂದು ದಿನ ಬೀದಿಗೆ ಕೇಳಿಸುವ ಹಾಗೆ ಕೇಳಿದರು.

ಆ ಬಂಡೆಯ ಮೇಲೆ ಅವರು ಬೆಳೆಸಿದ್ದು ವಿಷ್ಣುಕ್ರಾಂತಿ. ಗುಲಾಬಿಯಿಲ್ಲ, ದಾಸವಾಳವಿಲ್ಲ, ಒಂದು ಬಾಳೆಗಿಡವೂ ಇಲ್ಲ. ಬಯಲಿನಲ್ಲಿ ಮೇಕೆ ತುಳಿದುಕೊಂಡು ಹೋಗುವ, ಯಾರೂ ಬಗ್ಗಿ ನೋಡದ ಗಿಡ ಅದು. ದಾರದಷ್ಟು ತೆಳ್ಳಗಿನ ಕಡ್ಡಿಗಳು, ಬೂದಿ ಬಣ್ಣದ ನವಿರಾದ ಎಲೆ, ಅಂಗಿಯ ಕಾಲರಿನ ಗುಂಡಿಯಷ್ಟು ನೀಲಿ ಹೂವು. ಬೆಳಿಗ್ಗೆ ಅರಳಿ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಎದ್ದು ನಿಲ್ಲುವುದು ಅದಕ್ಕೆ ಗೊತ್ತಿಲ್ಲ. ನೆಲಕ್ಕೆ ಅಂಟಿಕೊಂಡೇ ಸುತ್ತಲೂ ಹಬ್ಬಿ ಚಾಪೆಯಾಗುತ್ತದೆ. ಕಡು ಬೇಸಿಗೆಯಲ್ಲಿ ಮೇಲೆಲ್ಲ ಒಣಗಿ ಕಸದ ಹಾಗೆ ಕಂಡರೂ ಕಲ್ಲಿನ ಸಂದಿಯಲ್ಲಿ ಬೇರು ಬದುಕಿರುತ್ತದೆ.

ಅದನ್ನು ಬೆಳೆಸಲು ಅವರು ಪಟ್ಟ ಪಾಡನ್ನು ನಮ್ಮ ಮನೆಯ ಮಹಡಿಯಿಂದ ನಾನು ನೋಡುತ್ತಿದ್ದೆ. ಬಂಡೆಯ ಬಿರುಕುಗಳನ್ನು ಸಲಾಕೆಯಲ್ಲಿ ಕೆದಕಿ, ಗುಡಿಸಿ, ಅವರ ಊರಿನಿಂದ ತರಿಸಿದ, ಕಲ್ಲುಪುಡಿ ಬೆರೆತ ಗರಸು ಮಣ್ಣನ್ನು ತುಂಬಿದರು. ನಮ್ಮ ಗದ್ದೆಯ ಕಪ್ಪು ಮಣ್ಣು ಪುಕ್ಕಟೆ ಸಿಗುತ್ತಿದ್ದರೂ ಮುಟ್ಟಲಿಲ್ಲ. ಗೊಬ್ಬರ ಹಾಕಲಿಲ್ಲ. ನೀರು ಎಲ್ಲೂ ನಿಲ್ಲದೆ ಜಾರಿ ಹೋಗುವ ಹಾಗೆ ಇಳಿಜಾರು ಮಾಡಿ, ಪ್ರತಿ ಗಿಡದ ಬುಡದ ಸುತ್ತ ಸಣ್ಣ ಜಲ್ಲಿ ಹರಡಿದರು. ಬುಡ ಒಣಗಿರಬೇಕಂತೆ. ಮುಂಗಾರು ಶುರುವಾದಾಗ ನೆಟ್ಟು, ಬೇರು ಹಿಡಿಯುವವರೆಗೆ ಚೊಂಬಿನಲ್ಲಿ ಒಂದಿಷ್ಟು ನೀರು ಚಿಮುಕಿಸಿದರು. ಆಮೇಲೆ ಕೈಬಿಟ್ಟರು.

"ಅಷ್ಟೇನಾ ಅಕ್ಕ? ಇನ್ನು ನೀರು?" ಎಂದೆ.

"ಆಕಾಸ ಕೊಟ್ಟಷ್ಟು. ಸಾಲ್ದೆ ಇದ್ರೆ ಬೇರು ಇನ್ನೊಸಿ ಆಳಕ್ಕೋಯ್ತದೆ. ದಿನಾ ಊಟ ತಟ್ಟೇಗೆ ಬಂದ್ರೆ ಯಾವನ್ ಏಳ್ತಾನೆ?"

ಎರಡು ಮಳೆಗಾಲ ಕಳೆಯುವುದರಲ್ಲಿ ಬಂಡೆಯ ಬೆನ್ನಿನ ಮೇಲೆ ನೀಲಿ ಚುಕ್ಕಿಯ ಚಾಪೆ ಹಾಸಿತ್ತು. ಗಣೇಶನ ಹಬ್ಬದ ಬೆಳಿಗ್ಗೆ ಪತ್ರೆಗೆಂದು ಬೀದಿಯ ಹೆಂಗಸರು ಬಟ್ಟಲು ಹಿಡಿದು ಬಂದು ಕೀಳತೊಡಗಿದರು. ಅಕ್ಕ ಪೊರಕೆ ಹಿಡಿದು ಹೊರಗೆ ಬಂದರು. "ದೇವ್ರಿಗೆ ಕಣಕ್ಕ" ಎಂದಳು ಒಬ್ಬಳು. "ಹೂವು ಅರಳ್ಸಿರೋನು ಅವ್ನೇ. ಬೇಕು ಅಂದ್ರೆ ಅವ್ನೇ ಬಂದು ಕಿತ್ಕಳ್ಳಿ. ನೀನ್ಯಾಕವ್ವ ಮಧ್ಯ?" ಎಂದರು ಅಕ್ಕ. ಅಂದಿನಿಂದ ಅವರಿಗೆ ನಾಸ್ತಿಕಳು ಎಂಬ ಬಿರುದೂ ಸೇರಿತು. ಪಾಪ, ದಿನಾ ಸ್ನಾನ ಮಾಡಿ ದೀಪ ಹಚ್ಚದೆ ಕಾಫಿ ಕುಡಿದವರಲ್ಲ.

ಈಗ ಚಿಕ್ಕೇಗೌಡರ ವಿಷಯ. ಅಕ್ಕನ ಎದುರುಮನೆಯವರು, ಕಬ್ಬು ಬೆಳೆದು ಕಾರ್ಖಾನೆಗೆ ಕಳಿಸಿಯೇ ಕೂದಲು ಬೆಳ್ಳಗಾದವರು. ಅವರ ಮನೆಗೆ ದೊಡ್ಡ ಕಾರು ಬಂದಂದಿನಿಂದ ಬಂಡೆಗೂ ಅವರಿಗೂ ಹಗೆ. ತಿರುವಿನಲ್ಲಿ ಬಂಡೆ ಚಾಚಿಕೊಂಡಿದ್ದರಿಂದ ಕಾರು ಒಂದೇ ಏಟಿಗೆ ತಿರುಗುತ್ತಿರಲಿಲ್ಲ. ಹಿಂದೆ ಮುಂದೆ, ಹಿಂದೆ ಮುಂದೆ ಮಾಡಬೇಕು. ಬಂಡೆ ಅಕ್ಕನ ಸೈಟಿನೊಳಗೇ ಇತ್ತು, ಕಾಗದ ನೋಡಿದ ಮೇಲೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಆದರೂ ಗೌಡರು ಬೀದಿಯವರನ್ನೆಲ್ಲ ಸೇರಿಸಿಕೊಂಡು ವರ್ಷಕ್ಕೊಮ್ಮೆಯಾದರೂ ಬಾಗಿಲಿಗೆ ಬರುತ್ತಿದ್ದರು.

"ಕಂಡಕ್ಟ್ರಮ್ಮ, ತುದೀಲಿ ಒಸಿ ಒಡ್ಸಿ ಸಾಕು. ನಾವೇ ಮಿಸಿನ್ನು ತರುಸ್ತೀವಿ."

"ಗೌಡ್ರೆ, ನಿಮ್ ಕಾರು ತುದೀಲಿ ಒಸಿ ಕುಯ್ಸಿ ಸಾಕು. ನಾನೇ ಗರಗಸ ತರುಸ್ತೀನಿ."

ಗೌಡರು ಮೀಸೆ ಕಡಿದುಕೊಂಡು ಹೋಗುತ್ತಿದ್ದರು. ಮಾರನೇ ಬೆಳಿಗ್ಗೆ ಕಾರು ತಿರುಗಿಸುತ್ತಾ ಬೈಯುವುದು, ಅಕ್ಕ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಅದಕ್ಕೆ ಉತ್ತರ ಕೊಡುವುದು. ಈ ಮೇಳ ಕೇಳಿಯೇ ನಮ್ಮ ಬೀದಿ ಏಳುತ್ತಿತ್ತು.

ಒಂದು ಬೇಸಿಗೆಯಲ್ಲಿ ಅಕ್ಕನ ತಮ್ಮ ಕಾಲು ಮುರಿದುಕೊಂಡ. ಅವನನ್ನು ನೋಡಿಕೊಳ್ಳಲು ಅಕ್ಕ ಊರಿಗೆ ಹೋದವರು ಬಹಳ ದಿನ ಬರಲಿಲ್ಲ. ಬಿಸಿಲಿಗೆ ಬಂಡೆಯ ಮೇಲಿನ ಚಾಪೆ ಎಂದಿನಂತೆ ಕಂದಿ ಒಣಗಿತು. ಅದನ್ನು ದಿನಾ ಎದುರಿಗೇ ನೋಡುತ್ತಿದ್ದ ಚಿಕ್ಕೇಗೌಡರಿಗೆ ತಡೆಯಲಾಗಲಿಲ್ಲ. ನಾಲೆ ಬಯಲಿನ ಮನುಷ್ಯ ಹಗೆಯನ್ನು ಬೇಕಾದರೆ ಹೊಟ್ಟೆಯಲ್ಲಿಟ್ಟುಕೊಂಡಾನು, ಕಣ್ಣೆದುರಿಗೆ ಗಿಡ ಒಣಗುವುದನ್ನು ಮಾತ್ರ ನೋಡಲಾರ. ಅವರು ಗದ್ದೆಯಿಂದ ಕಪ್ಪು ಮಣ್ಣು ತಂದು ಬಂಡೆಯ ಸಂದಿಗಳ ಸುತ್ತ ಒಪ್ಪವಾಗಿ ಪಾತಿ ಕಟ್ಟಿದರು. ಸಗಣಿ ಕದಡಿ ಹಾಕಿದರು. ಸಂಜೆ ಸಂಜೆ ಬಿಂದಿಗೆಯಲ್ಲಿ ನೀರು ಹೊತ್ತು ಪಾತಿ ತುಂಬ ನಿಲ್ಲಿಸಿದರು. ಹೆಂಡತಿ ಸಾಕಮ್ಮನವರೂ ಅಕ್ಕಿ ತೊಳೆದ ನೀರನ್ನು ಚೆಲ್ಲದೆ ತಂದು ಹಾಕುತ್ತಿದ್ದರು. ಜಗಳ ಏನೇ ಇರಲಿ, ಗೌಡರು ದೊಡ್ಡ ಮನಸ್ಸಿನವರು ಎಂದು ಬೀದಿಯವರೆಲ್ಲ ಮೆಚ್ಚಿಕೊಂಡರು.

ಅಕ್ಕ ಬಸ್ಸಿಳಿದು ಬಂದಾಗ ಬಂಡೆಯ ಮೇಲೆ ಒಂದು ಗಿಡವೂ ಉಳಿದಿರಲಿಲ್ಲ. ಎಳೆದರೆ ಬೇರು ಕೊಳೆತು ಕೈಗೆ ಬರುತ್ತಿತ್ತು. ಚೀಲವನ್ನು ಜಗಲಿಯ ಮೇಲಿಟ್ಟು ಬಂಡೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಅವರ ಕಣ್ಣಲ್ಲಿ ನೀರು ಕಂಡಿದ್ದು ಅದೊಂದೇ ಸಲ. ಸುದ್ದಿ ಹಬ್ಬಿತು. ಮೆಚ್ಚಿದ ಬೀದಿಯೇ ತಿರುಗಿ ಬಿತ್ತು. ಗೌಡರು ಬೇಕೆಂದೇ ಕೊಂದಿದ್ದಾರೆ, ಬಂಡೆ ಒಡೆಸಲು ಹೂಡಿದ ಉಪಾಯ ಇದು ಎಂದು ಹುಡುಗರು ಮಾತಾಡಿಕೊಂಡರು. ಮೂಲೆ ಮನೆಯ ಮೆಕ್ಯಾನಿಕ್ ಬಾಷಾ ಸಾಹೇಬರಂತೂ ಕೈ ಒರೆಸಿಕೊಳ್ಳುತ್ತಾ ಬಂದು, "ಕಂಪ್ಲೇಂಟ್ ಕೊಡಿ ಆಪಾ, ನಾನು ಸಾಕ್ಷಿ ಹೇಳ್ತೀನಿ" ಎಂದರು.

ಅಕ್ಕ ಎದ್ದು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದುರುಮನೆಯ ಬಾಗಿಲಿಗೆ ನಡೆದರು. ಇವತ್ತು ಹೆಣ ಬೀಳುತ್ತದೆ ಎಂದುಕೊಂಡು ನಾವೆಲ್ಲ ಹಿಂದೆ ಹೋದೆವು. ಗೌಡರು ಹೊಸ್ತಿಲಲ್ಲಿ ನಿಂತಿದ್ದರು. ಅಷ್ಟು ದೊಡ್ಡ ಆಳು, ಮುಖದಲ್ಲಿ ರಕ್ತವೇ ಇರಲಿಲ್ಲ.

"ಒಣಗೋಯ್ತಿತ್ತು ಕಣವ್ವ" ಎಂದರು. "ನೋಡಕಾಗ್ನಿಲ್ಲ."

ಅಕ್ಕ ಅವರ ಕಡೆ ನೋಡಲಿಲ್ಲ, ನಮ್ಮ ಕಡೆ ತಿರುಗಿದರು.

"ಯಾರ್ಲಾ ಅಂದೋರು, ಬೇಕಂತ ಮಾಡವ್ರೆ ಅಂತ? ಕೊಲ್ಬೇಕು ಅಂದಿದ್ರೆ ಈ ವಯಸ್ನಲ್ಲಿ ದಿನಾ ಬಿಂದ್ಗೆ ಒರ್ತಿದ್ರಾ? ಒಂದ್ ಬಾಟ್ಲಿ ಕಳೆ ಔಸ್ದಿ ಸಾಕಾಗಿತ್ತು. ತಲೇಲಿ ಬುದ್ಧಿ ಅದಾ ನಿಮ್ಗೆ?" ಆಮೇಲೆ ಗೌಡರಿಗೆ ಅಂದರು, "ನಿಮ್ ನಾಲೆ ಜನಕ್ಕೆ ನೀರೊಂದು ಬುಟ್ರೆ ಬೇರೆ ಗೊತ್ತಿಲ್ಲ ಗೌಡ್ರೆ. ನನ್ ಗಿಡಕ್ಕೆ ಅದೇ ವಿಸ. ಬಂಡೆ ಇಚಾರದಲ್ಲಿ ನಾಳಿಂದ ಮತ್ತೆ ಜಗಳ ಆಡಾನ. ಇದ್ರಲ್ಲಿ ಜಗಳ ಇಲ್ಲ."

ಹೀಗೆಂದು ತಿರುಗಿ ಬಂದು, ಸಲಾಕೆ ತೆಗೆದುಕೊಂಡು ಗೌಡರು ಕಟ್ಟಿದ ಪಾತಿಗಳನ್ನು ಒಡೆಯತೊಡಗಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಬಸ್ಸಿನಲ್ಲಿ, ಪ್ರೀತಿ ಹುಟ್ಟಿದ್ದು ಆ ಸಂಜೆ.

ಆಮೇಲೆ ಬಂದದ್ದು ಕಷ್ಟದ ಕಾಲ. ಬಂಡೆ ಬೋಳಾಗಿತ್ತು. ಇದುವರೆಗೆ ಹೂವಿನ ನೆಪವಾದರೂ ಇತ್ತು, ಈಗ ಅದೂ ಇಲ್ಲವಲ್ಲ ಎಂದು ಬೀದಿಯವರು ಅವರ ತಮ್ಮನ ಮಗನಿಗೆ ಫೋನು ಮಾಡಿ ಕರೆಸಿದರು. ಕೆ.ಆರ್. ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ಒಳ್ಳೆಯ ಸ್ವಭಾವದ ಹುಡುಗ. ಅವನು ಬಂದು, "ಅತ್ತೆ, ಇನ್ನೇನದೆ ಅಲ್ಲಿ? ಬರೀ ಕಲ್ಲು. ಬುಟ್ಕೊಟ್ಬುಡಿ, ಎಲ್ಲಾರ್ಗೂ ಒಳ್ಳೇರಾಯ್ತೀರಿ" ಎಂದ.

"ಹೂವಿದ್ದಾಗ ಯಾವಳ್ ಬೇಕಾದ್ರೂ ಕಾಯ್ತಾಳೆ ಕಣ್ಲಾ" ಎಂದರು ಅಕ್ಕ. "ಬರೀ ಬಂಡೆ ಕಾಯಕೇ ಗುಂಡ್ಗೆ ಬೇಕು. ಊಟ ಮಾಡ್ಕಂಡು ಓಗು."

ಅವನು ಊಟ ಮಾಡಿಕೊಂಡು ಹೋದ. ಅಕ್ಕ ಆ ಬೇಸಿಗೆಯೆಲ್ಲ ಬೋಳು ಬಂಡೆಯನ್ನು ಕಾದರು. ದಿನಾ ಬೆಳಿಗ್ಗೆ ಗುಡಿಸುತ್ತಿದ್ದರು, ಸಂದಿಗಳಲ್ಲಿ ಉಳಿದ ಕಪ್ಪು ಮಣ್ಣನ್ನು ಹೇರ್‌ಪಿನ್ನಿನಲ್ಲಿ ಕೆರೆದು ತೆಗೆಯುತ್ತಿದ್ದರು. ದಾರಿಯಲ್ಲಿ ಹೋಗುವವರು ನಗುತ್ತಿದ್ದರು. ನಕ್ಕವರ ಮುಖಗಳನ್ನು ಅವರು ದಿಟ್ಟಿಸಿ ನೋಡುತ್ತಿದ್ದರು, ಅಷ್ಟೇ.

ಮುಂಗಾರಿನ ಮೊದಲ ಹದ ಮಳೆ ಬಿದ್ದ ಮಾರನೇ ದಿನ ಗೌಡರ ಕಾರು ಅಕ್ಕನ ಬಾಗಿಲಲ್ಲಿ ಬಂದು ನಿಂತು ಹಾರನ್ ಮಾಡಿತು. ಗೌಡರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬೇರು ಎಲ್ಲಿ ಸಿಕ್ತದೆ ತೋರ್ಸು ನಡಿಯವ್ವ" ಎಂದರು. ಅಕ್ಕ ಒಳಗಿದ್ದ ನನ್ನನ್ನೂ ಎಳೆದುಕೊಂಡು ಹತ್ತಿದರು. ನಾಗಮಂಗಲದವರೆಗೂ ಇಬ್ಬರ ಜಗಳ ನಿಲ್ಲಲಿಲ್ಲ. ಗೌಡರು ನಿಧಾನ ಹೋದರೆ ಇವರು ಬೇಗ ಎನ್ನುವರು, ಬೇಗ ಹೋದರೆ ಹೋಲ್ಡಾನ್ ಎನ್ನುವರು. ಸ್ಟಾಪುಗಳಲ್ಲಿ ನಿಂತ ಮುದುಕಿಯರನ್ನೆಲ್ಲ ಹತ್ತಿಸಿಕೊಳ್ಳಬೇಕೆಂದು ಹಟ ಹಿಡಿದರು. ಕೊನೆಗೆ ನಾನು ಮುದುಕಿಯೊಬ್ಬಳ ಕೋಳಿಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರಬೇಕಾಯಿತು.

ಅವರ ಊರಿನ ಕಲ್ಲು ಬಯಲಿನಲ್ಲಿ ಅಕ್ಕ ಬೇರೆ ಮನುಷ್ಯಳಾದರು. ಬಗ್ಗಿ ಬಗ್ಗಿ ನಡೆದು, ಬೇರಿನ ಸುತ್ತ ಗರಸು ಉದುರದ ಹಾಗೆ ಮೆಲ್ಲಗೆ ಮೀಟಿ ಗಿಡ ಎಬ್ಬಿಸಿದರು. ಗೌಡರು ಬಿಳಿ ಪಂಚೆ ಎತ್ತಿಕಟ್ಟಿ ಬುಟ್ಟಿ ಹಿಡಿದು ಅವರ ಹಿಂದೆ ಹಿಂದೆ ಹೋದರು. ಒಮ್ಮೆ ನಿಂತು ಸುತ್ತ ನೋಡಿ, "ಇಂಥ ನೆಲದಲ್ಲೂ ಬದುಕ್ತವಲ್ಲವ್ವ ಇವು" ಎಂದರು. "ನಾವೂ ಬದುಕಿದ್ದೊ ಗೌಡ್ರೆ. ನೀವು ಬಗ್ಗಿ ನೋಡ್ನಿಲ್ಲ ಅಷ್ಟೆ" ಎಂದರು ಅಕ್ಕ. ಗೌಡರು ತಲೆ ತಗ್ಗಿಸಿ ಬುಟ್ಟಿ ಸರಿಮಾಡಿಕೊಂಡರು.

ಬಂಡೆ ಮತ್ತೆ ನೀಲಿಯಾಯಿತು. ಜಗಳವೂ ಮತ್ತೆ ಶುರುವಾಯಿತು, ಮೊದಲಿನಷ್ಟೇ ಜೋರಾಗಿ. ಒಂದು ದಿನಕ್ಕೂ ಗೌಡರು ಬಂಡೆ ಇರಲಿ ಅನ್ನಲಿಲ್ಲ, ಅಕ್ಕ ಒಡೆಸುತ್ತೇನೆ ಅನ್ನಲಿಲ್ಲ.

ಹೋದ ಶ್ರಾವಣದಲ್ಲಿ ಅಕ್ಕ ಜಗಲಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ಸಾಗಿಸಿದ್ದು ಗೌಡರ ಕಾರಿನಲ್ಲೇ. ಪ್ರಯೋಜನವಾಗಲಿಲ್ಲ. ತಿಥಿ ಮುಗಿದ ಸಂಜೆ ತಮ್ಮನ ಮಗ ಬೀದಿಯವರನ್ನೆಲ್ಲ ಗೌಡರ ಜಗಲಿಯಲ್ಲಿ ಸೇರಿಸಿ ಕೈಮುಗಿದ. "ನಮ್ಮತ್ತೆಯಿಂದ ನಿಮ್ಗೆಲ್ಲ ಇಷ್ಟು ವರ್ಸ ತೊಂದ್ರೆ ಆಗದೆ. ಮನಸ್ಸಲ್ಲಿ ಇಟ್ಕೋಬೇಡಿ. ಬಂಡೆ ಒಡ್ಸಿ ಮುಂದ್ಲ ಜಾಗ ಬೀದಿಗೆ ಬುಡ್ತೀನಿ. ನಾಳೆ ಬೆಳಿಗ್ಗೆ ಮಿಸಿನ್ನು ಬತ್ತದೆ" ಎಂದ.

ಎಲ್ಲರ ಮುಖವೂ ಅರಳಿತು. ಬಹಳ ಒಳ್ಳೆಯ ಹೆಂಗಸು ಎಂದು ಮತ್ತೆ ಶುರು ಮಾಡಿದರು. ಇಷ್ಟು ದಿನ ಒಬ್ಬರೇ ನಿಂತು ಕಾದದ್ದು ಅವರ ಬೂದಿ ಆರುವ ಮುಂಚೆಯೇ ಪುಡಿಯಾಗುತ್ತದೆ. ತಡೆಯಬೇಕು ಎಂದು ನಾನು ಎದ್ದು ನಿಲ್ಲುವುದಕ್ಕೂ ಗೌಡರು, "ಬ್ಯಾಡ" ಅನ್ನುವುದಕ್ಕೂ ಸರಿಹೋಯಿತು.

ಎಲ್ಲರೂ ಅವರ ಕಡೆ ನೋಡಿದರು. "ಯಾಕ್ ದೊಡ್ಡಪ್ಪ? ನೀವೇ ಕೇಳ್ತಿದ್ರಲ್ಲ?" ಎಂದ ಹುಡುಗ.

"ಕೇಳ್ತಿದ್ದೆ. ಅವ್ಳ ಮಕಕ್ಕೆ ಕೇಳ್ತಿದ್ದೆ, ಅವ್ಳು ನನ್ ಮಕಕ್ಕೆ ಇಲ್ಲ ಅಂತಿದ್ಲು. ಅವ್ಳು ಎದುರ್ಗಿರೋಗಂಟ ಗೆಲ್ಲಾಕಾಗ್ನಿಲ್ಲ. ಈಗ ಎದುರ್ಗೆ ಯಾರೂ ಇಲ್ಲ ಅಂತ ಒಡುದ್ರೆ ಅದು ಗೆದ್ದಂಗಲ್ಲ ಕಣ್ಲಾ, ಕದ್ದಂಗೆ."

"ಮತ್ತೆ ಕಾರು?" ಎಂದರು ಯಾರೋ.

"ಕಾರು ನಂದು. ನಾನ್ ತಿರುಗುಸ್ಕತೀನಿ. ಮಿಸಿನ್ನು ಬಂದ್ರೆ ಮೊದ್ಲು ನನ್ ಕಾರ್ ಮ್ಯಾಲೆ ಅತ್ತುಸ್ಲಿ."

ಮಿಷಿನ್ನು ಬರಲಿಲ್ಲ. ಗೌಡರು ಆ ಹುಡುಗನಿಗೆ ಏನು ಹೇಳಿದರೋ, ಮನೆಯನ್ನು ಬಾಡಿಗೆಗೆ ಕೊಟ್ಟು ಬಂಡೆಯನ್ನು ಹಾಗೇ ಬಿಟ್ಟಿದ್ದಾನೆ. ಬಾಡಿಗೆಗೆ ಬಂದವರು ಗಿಡಕ್ಕೆ ನೀರು ಹಾಕಲು ಹೋದ ಮೊದಲ ದಿನವೇ ಗೌಡರು ಅವರ ಕೈಯಿಂದ ಬಿಂದಿಗೆ ಕಿತ್ತುಕೊಂಡರಂತೆ. ಈ ವರ್ಷದ ಮಳೆಗೆ ವಿಷ್ಣುಕ್ರಾಂತಿ ಬಂಡೆಯ ಮೂತಿಯನ್ನೂ ದಾಟಿ ರಸ್ತೆಯ ಅಂಚಿಗೆ ಇಳಿದಿದೆ. ತಿರುವು ಇನ್ನಷ್ಟು ಇಕ್ಕಟ್ಟಾಗಿದೆ.

ಇವತ್ತು ಬೆಳಿಗ್ಗೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಗೌಡರು ಕಾರನ್ನು ಹಿಂದೆ ತೆಗೆದರು, ಮುಂದೆ ತಂದರು, ಮತ್ತೆ ಹಿಂದೆ ತೆಗೆದರು. ಚಕ್ರ ಹೂವಿನ ಹತ್ತಿರಕ್ಕೆ ಬಂತು. ಅವರು ಬ್ರೇಕು ಹಾಕಿ ಕೆಳಗಿಳಿದು, ಬಗ್ಗಿ ನೋಡಿ, ಸೊಂಟ ಹಿಡಿದುಕೊಂಡು ಎದ್ದರು. ಅಕ್ಕ ಕೂರುತ್ತಿದ್ದ ಆ ಜಗಲಿಯ ಕಡೆ ತಿರುಗಿ ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದರು:

"ಸತ್ರೂ ದಾರಿ ಬುಡ್ನಿಲ್ವಲ್ಲವ್ವ ನೀನು!"

ಕೂಗಿ, ಕಾರು ಹತ್ತಿ, ಇನ್ನೊಂದು ಸಲ ಹಿಂದಕ್ಕೆ ತೆಗೆದರು.